ಪ್ರೋಗ್ರಾಂ ಯಾಕೆ ನಿಧಾನ? ಊಹೆ ಬಿಡಿ, ಕಾಲ್ ಎಣಿಸಿ

ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಒಂದೇ ದೂರು. ಬರೆದ ಪ್ರೋಗ್ರಾಂ ಉತ್ತರ ಸರಿಯಾಗೇ ಕೊಡತ್ತೆ, ಆದ್ರೆ ಕೊಡೋಷ್ಟರಲ್ಲಿ ಕಾಫಿ ಕುಡಿದು ಬರ್ಬೋದು. ಹಾಗಾಗಿ ಅಂಕಣ ಪೂರ್ತಿ ಅದಕ್ಕೇ ಇಟ್ಟಿದೀನಿ. ಫಂಕ್ಷನ್ ಅಂದ್ರೆ ಒಂದು ಕೆಲಸಕ್ಕೆ ಹೆಸರಿಟ್ಟು ಬರೆದ ಕೋಡಿನ ತುಣುಕು, ಅದನ್ನ ಒಂದು ಸಲ ಕರೆದ್ರೆ ಒಂದು ಕಾಲ್. ಯಾವ ಫಂಕ್ಷನ್ ಯಾವುದನ್ನ ಕರೀತು, ಎಷ್ಟು ಸಲ ಕರೀತು, ಒಳಗೆ ಎಷ್ಟು ಹೊತ್ತು ಇತ್ತು, ಇಷ್ಟನ್ನ ಬರೆದಿಟ್ಕೊಂಡು ನೋಡೋದನ್ನ ಕಲಿತ್ರೆ ಇದ್ರಲ್ಲಿ ಬಹಳಷ್ಟು ಒಂದೇ ಮಧ್ಯಾಹ್ನದಲ್ಲಿ ಬಗೆಹರಿಯತ್ತೆ.

ಪ್ರಶ್ನೆ: ನಮಸ್ಕಾರ್ರೀ ಸರ. ನಾ ಒಂದ್ ಪತ್ತಿನ ಸಹಕಾರಿ ಸಂಘದಾಗ ಲೆಕ್ಕ ಬರಿಯೋ ಕೆಲಸ ಮಾಡ್ತೀನ್ರಿ. ಯೂಟ್ಯೂಬ್ ನೋಡಿ ಪೈಥಾನ್ ಕಲ್ತು ಸದಸ್ಯರ ಕಂತಿನ ರಿಪೋರ್ಟ್ ತಗಿಯೋ ಪ್ರೋಗ್ರಾಂ ಬರದೀನಿ. 8,000 ಮಂದಿ ಸದಸ್ಯರು, ವರ್ಷದ ರಸೀದಿ 26,000. ರಿಪೋರ್ಟ್ ಬರಾಕ 40 ಸೆಕೆಂಡ್ ಬೇಕಾಗ್ತೈತಿ. ಎಕ್ಸೆಲ್ ಓದೂದ ನಿಧಾನ ಇರಬೇಕು ಅಂತ ಸಿಎಸ್‌ವಿ ಮಾಡಿದೆ, ಏನೂ ಫರಕ್ ಬೀಳಲಿಲ್ಲ. ಹೊಸಾ ಕಂಪ್ಯೂಟರ್ ತಗೊಳ್ರಿ ಅಂತ ಹೇಳಾಕತ್ತಾರ. ಕೋಡ್ ಜೋಡಿ ಕಳಿಸೀನ್ರಿ.
ಓದುಗರು, ಹುಬ್ಬಳ್ಳಿ

ಉತ್ತರ: ಹೊಸ ಕಂಪ್ಯೂಟರ್ ಬೇಡ, ಸಂಘದ ದುಡ್ಡು ಹಾಗೇ ಇರ್ಲಿ. ನೀವು ಮಾಡಿದ್ದನ್ನೇ ಮೊದಮೊದಲು ಎಲ್ರೂ ಮಾಡೋದು, ಫೈಲ್ ಓದೋದು ಅಂದ್ರೆ ದೊಡ್ಡ ಕೆಲಸ ಅನ್ನಿಸತ್ತೆ, ಅನುಮಾನ ಅಲ್ಲಿಗೇ ಹೋಗತ್ತೆ, ಎರಡು ದಿನ ಅದ್ರಲ್ಲೇ ಕಳೀತೀವಿ. ಪೈಥಾನ್ ಜೊತೆಗೇ ಸಿಪ್ರೊಫೈಲ್ ಅಂತ ಒಂದು ಮಾಡ್ಯೂಲ್ ಬರತ್ತೆ, 2006ರಲ್ಲಿ ಬಂದ 2.5ನೇ ಆವೃತ್ತಿಯಿಂದ ಇದೆ, ಬೇರೆ ಏನೂ ಇನ್‌ಸ್ಟಾಲ್ ಮಾಡ್ಬೇಕಾಗಿಲ್ಲ. ಪೈಥಾನ್, ಮೈನಸ್ ಎಂ, ಸಿಪ್ರೊಫೈಲ್, ಮೈನಸ್ ಎಸ್, ಟಾಟ್‌ಟೈಮ್, ಕೊನೆಗೆ ನಿಮ್ಮ ಫೈಲಿನ ಹೆಸರು, ಇಷ್ಟು ಟೈಪ್ ಮಾಡಿ ಎಂಟರ್ ಒತ್ತಿದ್ರೆ ಪ್ರೋಗ್ರಾಂ ಮುಗಿದ ಮೇಲೆ ಉದ್ದದೊಂದು ಪಟ್ಟಿ ಬರತ್ತೆ.

ಆ ಪಟ್ಟಿಯಲ್ಲಿ ಮೂರು ಕಾಲಂ ಅರ್ಥ ಆದ್ರೆ ಸಾಕು. ಎನ್‌ಕಾಲ್ಸ್ ಅಂದ್ರೆ ಆ ಫಂಕ್ಷನ್ನ ಎಷ್ಟು ಸಲ ಕರೆದ್ರು ಅಂತ. ಟಾಟ್‌ಟೈಮ್ ಅಂದ್ರೆ ಅದು ತನ್ನ ಸ್ವಂತ ಕೆಲಸಕ್ಕೆ ತಗೊಂಡ ಹೊತ್ತು. ಕ್ಯುಮ್‌ಟೈಮ್ ಅಂದ್ರೆ ಅದು ಕರೆದ ಬೇರೆ ಫಂಕ್ಷನ್‌ಗಳ ಹೊತ್ತನ್ನೂ ಸೇರಿಸಿದ ಒಟ್ಟು. ಮದುವೆ ಮನೆ ಅಡುಗೆ ನೆನೆಸ್ಕೊಳ್ಳಿ, ದೊಡ್ಡ ಭಟ್ಟರು ಬೆಳಗಿನ 4 ಗಂಟೆಯಿಂದ 12ರ ತನಕ ಅಡುಗೆ ಮನೇಲೇ ಇರ್ತಾರೆ, ಅದು ಅವರ ಕ್ಯುಮ್‌ಟೈಮ್, ಆದ್ರೆ ಅವರು ಸೌಟು ಹಿಡಿದಿದ್ದು ಒಂದೇ ಗಂಟೆ, ಉಳಿದ ಹೊತ್ತೆಲ್ಲ ತರಕಾರಿ ಹೆಚ್ಚೋರಿಗೆ ಕಾಯಿ ತುರಿಯೋರಿಗೆ ಹೋಗಿದ್ದು. ಭಟ್ಟರನ್ನ ಬದಲಾಯಿಸಿದ್ರೆ ಊಟ ಬೇಗ ಆಗಲ್ಲ ನೋಡಿ.

ನಿಮ್ಮ ಸದಸ್ಯರ ಮಾಹಿತಿ ನೀವು ಕಳಿಸಿಲ್ಲ, ಅದು ಸರಿಯಾದ ಕೆಲಸ. ನಾನೇ 8,000 ಸುಳ್ಳು ಸದಸ್ಯರು, 26,000 ಸುಳ್ಳು ರಸೀದಿ ಮಾಡ್ಕೊಂಡು ಮನೆಯ ಹಳೇ ಲ್ಯಾಪ್‌ಟಾಪಲ್ಲಿ ನಿಮ್ಮ ಕೋಡ್ ಓಡಿಸಿದೆ. ಫೈಲ್ ಓದೋದು ಒಂದು ಸೆಕೆಂಡಿನೊಳಗೆ ಮುಗಿದಿತ್ತು. ಸದಸ್ಯರನ್ನ ಹುಡುಕೋ ಫಂಕ್ಷನ್ ರಸೀದಿಗೊಂದರಂತೆ 26,000 ಸಲ, ಅಷ್ಟು ಇರ್ಬೇಕಾದ್ದೇ. ಆದ್ರೆ ಅದರ ಕೆಳಗಿನ ಸಾಲಲ್ಲಿ ಸ್ಟ್ರಿಪ್ ಅಂತ ಇತ್ತು ನೋಡಿ, ಸದಸ್ಯ ಸಂಖ್ಯೆಯ ಹಿಂದೆ ಮುಂದೆ ಇರೋ ಖಾಲಿ ಜಾಗ ಕತ್ತರಿಸೋ ಚಿಕ್ಕ ಫಂಕ್ಷನ್, ಅದನ್ನ 10 ಕೋಟಿಗಿಂತ ಜಾಸ್ತಿ ಸಲ ಕರೆದಿದೆ! ಯಾಕಂದ್ರೆ ಪ್ರತಿ ರಸೀದಿಗೂ ನೀವು ಪಟ್ಟಿಯ ಮೊದಲನೇ ಸದಸ್ಯರಿಂದ ಶುರು ಮಾಡಿ ಒಬ್ಬೊಬ್ಬರ ಸಂಖ್ಯೆಯನ್ನೂ ಸ್ಟ್ರಿಪ್ ಮಾಡಿ ಹೋಲಿಸ್ತಾ ಹೋಗ್ತೀರ, ಸರಾಸರಿ ಅರ್ಧ ಪಟ್ಟಿ ಅಂದ್ರೂ 4,000 ಸಲ, 26,000 ಗುಣಿಸು 4,000, ಹತ್ತು ಕೋಟಿ ನಲವತ್ತು ಲಕ್ಷ.

ಪರಿಹಾರ ನಾಲ್ಕೇ ಸಾಲು. ಶುರುವಿನಲ್ಲೇ ಒಂದು ಡಿಕ್ಷನರಿ ಕಟ್ಟಿ (ಪೈಥಾನಲ್ಲಿ ಅದು ಕೀ ಕೊಟ್ರೆ ಅದರ ಮಾಹಿತಿ ನೇರ ಕೊಡೋ ಪಟ್ಟಿ), ಪ್ರತಿ ಸದಸ್ಯ ಸಂಖ್ಯೆಯನ್ನ ಒಂದೇ ಸಲ ಸ್ಟ್ರಿಪ್ ಮಾಡಿ ಕೀ ಮಾಡಿ, ಆಮೇಲೆ ರಸೀದಿ ಬಂದ ಹಾಗೆ ನೇರ ಅಲ್ಲಿಂದ ಎತ್ಕೊಳ್ಳಿ. ಸದಸ್ಯರ ಕಡೆ ಸ್ಟ್ರಿಪ್ 8,000 ಸಲ ಮಾತ್ರ ಆಗತ್ತೆ. ನನ್ನ ಲ್ಯಾಪ್‌ಟಾಪಲ್ಲಿ ಪೂರ್ತಿ ರಿಪೋರ್ಟ್ ಒಂದು ಸೆಕೆಂಡ್ ಸುತ್ತಮುತ್ತ ಬಂತು.

ಇನ್ನೊಂದು ಮಾತು. ಸಿಪ್ರೊಫೈಲ್ ಹಾಕಿದಾಗ 40 ಸೆಕೆಂಡಿನದ್ದು ಒಂದೂವರೆ ನಿಮಿಷ ದಾಟತ್ತೆ, ಗಾಬರಿ ಆಗ್ಬೇಡಿ. ಪ್ರತಿ ಕಾಲ್ ಒಳಗೆ ಹೋಗೋವಾಗ ಹೊರಗೆ ಬರೋವಾಗ ಅದು ಬರ್ಕೊಳ್ತಾ ಇರತ್ತೆ, ಬರ್ಕೊಳ್ಳೋಕೂ ಹೊತ್ತು ಬೇಕಲ್ಲ. ಚಿಕ್ಕ ಫಂಕ್ಷನ್ನ ಕೋಟಿ ಸಲ ಕರೆದಿದ್ರೆ ಅದರ ಸೆಕೆಂಡ್ ಲೆಕ್ಕ ಉಬ್ಬಿರತ್ತೆ, ಆದ್ರೆ ಎನ್‌ಕಾಲ್ಸ್ ಮಾತ್ರ ಪಕ್ಕಾ. ನಾನು ಯಾವಾಗ್ಲೂ ಮೊದಲು ಆ ಕಾಲಂ ನೋಡೋದು, ಈ ಸಂಖ್ಯೆ ನಾನು ಅಂದ್ಕೊಂಡಷ್ಟೇ ಇದ್ಯಾ ಅಂತ.

ಪ್ರಶ್ನೆ: ಸರ್, ನಾನು ಫೈನಲ್ ಇಯರ್ ಇಂಜಿನಿಯರಿಂಗ್. ಲ್ಯಾಬಲ್ಲಿ ಜಿಪ್ರೊಫ್ ಹೇಳ್ಕೊಟ್ರು, ಇಂಟರ್ನ್‌ಶಿಪ್ ಮಾಡಿದ ಕಡೆ ಜಿಪ್ರೊಫ್ ಯಾರೂ ಮುಟ್ಟಲ್ಲ ಪರ್ಫ್ ಕಲಿ ಅಂದ್ರು, ಫ್ರೆಂಡ್ ಟ್ರೇಸಿಂಗ್ ಬೇರೆ ಸ್ಯಾಂಪ್ಲಿಂಗ್ ಬೇರೆ ಅಂತಾನೆ. ಏನು ವ್ಯತ್ಯಾಸ?
ವಿದ್ಯಾರ್ಥಿನಿ, ಮೈಸೂರು

ಉತ್ತರ: ನಿಮ್ಮ ಫ್ರೆಂಡ್ ಹೇಳಿದ್ದು ಸರಿ. ಜಿಪ್ರೊಫ್, ಪರ್ಫ್ ಎರಡೂ ಪ್ರೋಗ್ರಾಂ ಎಲ್ಲಿ ಹೊತ್ತು ಕಳೆಯತ್ತೆ ಅಂತ ಅಳೆಯೋ ಟೂಲ್‌ಗಳೇ, ಅಳೆಯೋ ರೀತಿ ಬೇರೆ. ಹಾಸ್ಟೆಲ್ ಲೈಬ್ರರೀಲಿ ಯಾರು ಎಷ್ಟು ಹೊತ್ತು ಕೂರ್ತಾರೆ ಅಂತ ವಾರ್ಡನ್ ತಿಳ್ಕೋಬೇಕು ಅಂದ್ಕೊಳ್ಳಿ. ಬಾಗಿಲಲ್ಲಿ ರಿಜಿಸ್ಟರ್ ಇಟ್ಟು ಒಳಗೆ ಹೋಗೋವಾಗ ಒಂದು ಸೈನ್ ಹೊರಗೆ ಬರೋವಾಗ ಒಂದು ಸೈನ್ ಅನ್ನೋದು ಟ್ರೇಸಿಂಗ್. ಒಂದೂ ತಪ್ಪಲ್ಲ, ಆದ್ರೆ ಒಂದು ಪೆನ್ ತಗೊಂಡು ಓಡಿ ಬರೋ ಹುಡುಗಿಗೆ ಒಳಗಿದ್ದ ಹೊತ್ತಿಗಿಂತ ಸೈನ್ ಹಾಕೋಕೇ ಜಾಸ್ತಿ ಹೊತ್ತು. ರಿಜಿಸ್ಟರ್ ಬೇಡ, ವಾರ್ಡನ್ನೇ ಆಗಾಗ ಬಂದು ಬಾಗಿಲಲ್ಲಿ ಇಣುಕಿ ಯಾರ್ಯಾರು ಇದಾರೆ ಅಂತ ಗುರುತು ಹಾಕ್ಕೊಂಡು ಹೋದ್ರೆ ಅದು ಸ್ಯಾಂಪ್ಲಿಂಗ್. ಸಾವಿರ ಸಲ ಇಣುಕಿದಾಗ 700 ಸಲ ಒಬ್ಬಳೇ ಕಾಣಿಸಿದ್ರೆ ಅವಳು ಹೆಚ್ಚುಕಮ್ಮಿ ಮುಕ್ಕಾಲು ಹೊತ್ತು ಅಲ್ಲೇ ಇದಾಳೆ. ಯಾರಿಗೂ ತೊಂದ್ರೆ ಇಲ್ಲ, ಆದ್ರೆ ಎಷ್ಟು ಸಲ ಬಂದು ಹೋದಳು ಅಂತ ಮಾತ್ರ ಗೊತ್ತಾಗಲ್ಲ.

ಜಿಪ್ರೊಫ್ ಎರಡನ್ನೂ ಬೆರೆಸಿದ್ದು. 1982ರಲ್ಲಿ ಬರ್ಕ್ಲಿ ಯೂನಿವರ್ಸಿಟಿಯ ಸೂಸನ್ ಗ್ರಹಾಂ, ಪೀಟರ್ ಕೆಸ್ಲರ್, ಮಾರ್ಷಲ್ ಮೆಕ್ಯುಸಿಕ್ ಅದರ ಪೇಪರ್ ಬರೆದ್ರು. ಅದಕ್ಕಿಂತ ಮುಂಚಿನ ಪ್ರೊಫ್ ಯಾವ ಫಂಕ್ಷನ್‌ಗೆ ಎಷ್ಟು ಹೊತ್ತು, ಎಷ್ಟು ಸಲ ಅಂತಷ್ಟೇ ಹೇಳ್ತಿತ್ತು, ಯಾರು ಯಾರನ್ನ ಕರೆದ್ರು ಅಂತ ಜೋಡಿಸಿ ತೋರಿಸಿದ್ದು ಇವರ ದೊಡ್ಡ ಕೆಲಸ. ಮೈನಸ್ ಪಿಜಿ ಹಾಕಿ ಕಂಪೈಲ್ ಮಾಡಿದ್ರೆ ಕಂಪೈಲರ್ ಪ್ರತಿ ಫಂಕ್ಷನ್ ಶುರುವಿಗೆ ಎಂಕೌಂಟ್ ಅನ್ನೋದರ ಕಾಲ್ ಸೇರಿಸತ್ತೆ, ಅದು ಕರೆದಿದ್ದು ಯಾರು ಅಂತ ಎಣಿಸತ್ತೆ. ಅಂದ್ರೆ ಎಣಿಕೆ ಪಕ್ಕಾ, ಹೊತ್ತು ಮಾತ್ರ ಇಣುಕಿ ನೋಡಿದ ಅಂದಾಜು.

ಅದರ ಒಂದು ದೋಷ ಪರೀಕ್ಷೇಲಿ ಕೇಳ್ದೆ ಇದ್ರೂ ಕೆಲಸದಲ್ಲಿ ಕಚ್ಚತ್ತೆ. ಒಂದೇ ಸಾರ್ಟ್ ಫಂಕ್ಷನ್ನ ಎ ಒಂದು ಸಲ ಕರೆದು 10 ಸಾಲು ಕೊಟ್ಟಿದೆ, ಬಿ ಒಂದು ಸಲ ಕರೆದು 10 ಲಕ್ಷ ಸಾಲು ಕೊಟ್ಟಿದೆ ಅನ್ನಿ. ಜಿಪ್ರೊಫ್ ಪ್ರತಿ ಕಾಲ್‌ಗೂ ಒಂದೇ ಖರ್ಚು ಅಂತ ಹಿಡಿದು ಹೊತ್ತನ್ನ ಅರ್ಧರ್ಧ ಹಂಚಿಬಿಡತ್ತೆ. ಪಾಪ ಎ ಮೇಲೆ ಸುಮ್ನೆ ಗೂಬೆ ಕೂರತ್ತೆ. ಪರ್ಫ್ ಇಣುಕಿದಾಗಲೆಲ್ಲ ಇಡೀ ಕಾಲ್ ಸರಪಳಿ ಬರ್ಕೊಳ್ಳೋಕೆ ಸಾಧ್ಯ, ಹಾಗಾಗಿ ಬಿ ಕೆಳಗೇ ಎಲ್ಲ ಹೊತ್ತು ಕಾಣತ್ತೆ. 2009ರಿಂದ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಜೊತೆಗೇ ಇದೆ, ಕಲೀರಿ. ಎಂಕೌಂಟ್ ಉಪಾಯ ಮಾತ್ರ ಹಳೇದಾಗಿಲ್ಲ, ಕರ್ನಲ್ ಒಳಗಿನ ಎಫ್‌ಟ್ರೇಸ್ ಅನ್ನೋ ಟ್ರೇಸಿಂಗ್ ಟೂಲ್ ಕೂಡ ಅದೇ ತರ ಪ್ರತಿ ಫಂಕ್ಷನ್ ಶುರುವಿಗೆ ಹಾಕಿಟ್ಟ ಜಾಗದ ಮೇಲೇ ನಿಂತಿರೋದು. ಲ್ಯಾಬಲ್ಲಿ ಕಲಿತಿದ್ದು ದಂಡ ಅಲ್ಲ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. ಹಳೆಯ ಪುಸ್ತಕಗಳಿಂದ ಹೆಕ್ಕಿದ ಸುಮಾರು 1 ಲಕ್ಷ ಕನ್ನಡ ಪದಗಳಿವೆ. ನಮ್ಮ ಪದಕೋಶದ ಕ್ರಮಕ್ಕೆ ಹೊಂದುವಂತೆ ಎರಡು ಪದ ಕೊಟ್ಟರೆ ಯಾವುದು ಮೊದಲು ಎಂದು ಹೇಳುವ ಫಂಕ್ಷನ್ ಅನ್ನು ಮೊಮ್ಮಗ ಪೈಥಾನ್‌ನಲ್ಲಿ ಬರೆದುಕೊಟ್ಟಿದ್ದಾನೆ. ಜೋಡಿಸಲು ನಿಮಿಷಕ್ಕೂ ಮಿಕ್ಕಿ ಹಿಡಿಯುತ್ತದೆ. ಒಂದು ಪದ ಸೇರಿಸಿದರೂ ಮತ್ತೆ ಅಷ್ಟೇ ಹೊತ್ತು. ಕನ್ನಡ ಅಕ್ಷರಗಳೇ ಕಂಪ್ಯೂಟರಿಗೆ ಭಾರವೇ?
ಓದುಗರು, ಸಾಗರ

ಉತ್ತರ: ಮೇಷ್ಟ್ರೇ, ಕನ್ನಡ ಅದಕ್ಕೆ ಭಾರ ಅಲ್ಲ, ಖಂಡಿತ ಅಲ್ಲ. ಈ ಮಾತನ್ನ ಯಾರಾದ್ರೂ ಹೇಳಿದ್ರೆ ನಂಗೆ ಬೇಜಾರಾಗತ್ತೆ, ಆದ್ರೆ ನಿಮಗೆ ಯಾಕೆ ಹಾಗನ್ನಿಸ್ತು ಅಂತ ಗೊತ್ತಾಗತ್ತೆ. ನಮ್ಮ ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣೋ ‘ಸ್ತ್ರೀ’ ಯುನಿಕೋಡಲ್ಲಿ ಆರು ಬಿಡಿ: ಸ, ಒಂದು ವಿರಾಮ (ಅರ್ಧಾಕ್ಷರ ಮಾಡೋ ಗುರುತು), ತ, ಇನ್ನೊಂದು ವಿರಾಮ, ರ, ಕೊನೆಗೆ ದೀರ್ಘ ಈಕಾರದ ಗುರುತು. ಇವನ್ನ ಬಿಡಿಸಿ ಅಕ್ಷರಗಳಾಗಿ ಗುಂಪು ಮಾಡೋ ಕೆಲಸವನ್ನ ನಿಮ್ಮ ಮೊಮ್ಮಗ ಚೆನ್ನಾಗೇ ಮಾಡಿದಾನೆ. ತೊಂದರೆ ಇರೋದು ಅದನ್ನ ಎಷ್ಟು ಸಲ ಮಾಡಿಸ್ತಿದಾನೆ ಅನ್ನೋದ್ರಲ್ಲಿ.

ಲೆಕ್ಕ ನೋಡಿ. 1 ಲಕ್ಷ ಪದ ಹಿಂದುಮುಂದಾಗಿ ಬಿದ್ದಿದ್ರೆ ಜೋಡಿಸೋಕೆ ಹದಿನೈದು ಲಕ್ಷದಷ್ಟು ಹೋಲಿಕೆ ಬೇಕು. ಪ್ರತಿ ಹೋಲಿಕೆಗೂ ಆ ಫಂಕ್ಷನ್ ಎರಡೂ ಪದಗಳನ್ನ ಹೊಸದಾಗಿ ಬಿಡಿಸತ್ತೆ, ಅಲ್ಲಿಗೆ ಮೂವತ್ತು ಲಕ್ಷ ಸಲ ಬಿಡಿಸಿದ ಹಾಗಾಯ್ತು. ಇರೋದು 1 ಲಕ್ಷ ಪದ, ಬಿಡಿಸಿದ್ದು ಮೂವತ್ತು ಲಕ್ಷ! ಸಿಪ್ರೊಫೈಲ್ ಓಡಿಸಿದ್ರೆ ಬಿಡಿಸೋ ಫಂಕ್ಷನ್ ಪಕ್ಕದಲ್ಲಿ ಈ ಸಂಖ್ಯೆ ಎದ್ದು ಕಾಣತ್ತೆ.

ಮೊಮ್ಮಗನಿಗೆ ಇಷ್ಟು ಹೇಳಿ: ಕಂಪ್ ಟು ಕೀ ಮೂಲಕ ಹೋಲಿಕೆ ಫಂಕ್ಷನ್ ಕೊಡೋದು ಬಿಟ್ಟು ಕೀ ಫಂಕ್ಷನ್ ಕೊಡು. ಅದು ಒಂದು ಪದ ತಗೊಂಡು, ಪ್ರತಿ ಅಕ್ಷರಕ್ಕೂ ಕೋಶದಲ್ಲಿ ಅದರ ಸ್ಥಾನದ ಸಂಖ್ಯೆ ಹಾಕಿ, ಸಂಖ್ಯೆಗಳ ಟಪಲ್ (ಅಂದ್ರೆ ಒಂದು ಸಾಲು) ವಾಪಸ್ ಕೊಡ್ಬೇಕು. ಕೀ ಫಂಕ್ಷನ್ನ ಪೈಥಾನ್ ಒಂದು ಪದಕ್ಕೆ ಒಂದೇ ಸಲ ಕರೆಯತ್ತೆ, ಮಿಕ್ಕ ಹದಿನೈದು ಲಕ್ಷ ಹೋಲಿಕೆ ಬರೀ ಸಂಖ್ಯೆಗಳ ನಡುವೆ, ಅದೂ ಸಿ ಭಾಷೆಯಲ್ಲಿ ಬರೆದ ಒಳಗಿನ ಕೋಡಲ್ಲಿ ನಡೆಯತ್ತೆ. ಹೊಸ ಪದ ಸೇರಿಸೋಕೆ ಪೂರ್ತಿ ಜೋಡಿಸೋದೂ ಬೇಡ, ಕೀಗಳನ್ನ ಪದದ ಜೊತೆಗೇ ಉಳಿಸಿಟ್ಕೊಂಡು ಪಟ್ಟಿಯನ್ನ ಅರ್ಧರ್ಧ ಮಾಡ್ತಾ ಹೋಗೋ ಬೈಸೆಕ್ಟ್ ಮಾಡ್ಯೂಲಿಂದ ಜಾಗ ಹುಡುಕಿದ್ರೆ ಹದಿನೇಳು ಹೋಲಿಕೆಯಲ್ಲಿ ಸಿಗತ್ತೆ. ಕೋಶ ಮುಗಿದಾಗ ತಿಳಿಸಿ ಮೇಷ್ಟ್ರೇ, ನೋಡೋ ಆಸೆ ಇದೆ.

ಪ್ರಶ್ನೆ: ನಮ್ಮ ಆಫೀಸಿನ ಒಳಗಿನ ವೆಬ್ ಪೇಜ್ ಒಂದೊಂದ್ಸಲ ತಕ್ಷಣ ಬರತ್ತೆ ಒಂದೊಂದ್ಸಲ ಐದು ಸೆಕೆಂಡ್ ಮೇಲಾಗತ್ತೆ, ಆಗ ಸಿಪಿಯು ನೋಡಿದ್ರೆ 3 ಪರ್ಸೆಂಟ್ ಕೂಡ ಇಲ್ಲ. ಪರ್ಫ್ ಓಡಿಸಿದ್ರೆ ಏನೂ ಕಾಣಲ್ಲ. ಸರ್ವರ್ ಟೀಮ್ ಕೋಡ್ ಸರಿಯಿಲ್ಲ ಅಂತಾರೆ, ನಾವು ಸರ್ವರ್ ಸರಿಯಿಲ್ಲ ಅಂತೀವಿ.
ಓದುಗರು, ಬೆಂಗಳೂರು

ಉತ್ತರ: ಸಿಪಿಯು ಸುಮ್ನೆ ಕೂತಿದೆ ಅಂದ್ರೆ ಪ್ರೋಗ್ರಾಂ ಯಾವುದಕ್ಕೋ ಕಾಯ್ತಾ ಇದೆ. ಪರ್ಫ್ ಮಾಮೂಲಾಗಿ ಇಣುಕೋದು ಸಿಪಿಯು ಮೇಲೆ ಓಡ್ತಿರೋ ಕೋಡನ್ನ, ಮಲಗಿರೋ ಪ್ರೋಗ್ರಾಂ ಅದರ ಕಣ್ಣಿಗೆ ಬೀಳಲ್ಲ. ಇಂಥ ಕಡೆ ನೋಡ್ಬೇಕಾದ್ದು ಪ್ರೋಗ್ರಾಂ ಕರ್ನಲ್ಲಿಗೆ ಮಾಡೋ ಕಾಲ್‌ಗಳನ್ನ, ಅಂದ್ರೆ ಸಿಸ್ಟಂ ಕಾಲ್‌ಗಳನ್ನ, ಅದಕ್ಕೆ ಎಸ್‌ಟ್ರೇಸ್ ಇದೆ. ದೊಡ್ಡ ಟಿ ಆಪ್ಷನ್ ಕೊಟ್ರೆ ಪ್ರತಿ ಕಾಲ್ ಎಷ್ಟು ಹೊತ್ತು ತಗೊಳ್ತು ಅಂತ ಸಾಲಿನ ಕೊನೆಗೆ ಬರೆಯತ್ತೆ, ಚಿಕ್ಕ ಎಫ್ ಕೊಟ್ರೆ ಮಕ್ಕಳ ಪ್ರೊಸೆಸ್‌ಗಳನ್ನೂ ಥ್ರೆಡ್‌ಗಳನ್ನೂ ಹಿಂಬಾಲಿಸತ್ತೆ, ಚಿಕ್ಕ ಸಿ ಕೊಟ್ರೆ ಯಾವ ಕಾಲ್ ಎಷ್ಟು ಸಲ ಅಂತ ಕೊನೆಗೆ ಪಟ್ಟಿ ಕೊಡತ್ತೆ.

‘ಐದು ಸೆಕೆಂಡ್’ ಅಂತ ಓದಿದ ತಕ್ಷಣ ನಂಗೆ ಹಳೇದೊಂದು ನೆನಪಾಯ್ತು. ನಾನಿದ್ದ ಒಂದು ಕಡೆ ಇದೇ ಜಗಳ, ಇದೇ ಎರಡು ಟೀಮ್, ಮೂರು ವಾರ ನಡೀತು. ಕೊನೆಗೆ ಎಸ್‌ಟ್ರೇಸ್ ಹಚ್ಚಿದಾಗ ಕಂಡಿದ್ದು ನಾಲ್ಕು ಸಾಲು: 53ನೇ ಪೋರ್ಟಿಗೆ ಕನೆಕ್ಟ್, ಆಮೇಲೆ ಒಂದು ಸೆಂಡ್, ಆಮೇಲೆ ಪೋಲ್ (ಅಂದ್ರೆ ಉತ್ತರಕ್ಕೆ ಕಾಯೋದು), ಅದರ ಮುಂದೆ ಟೈಮ್‌ಔಟ್, ಕೊನೆಗೆ 5.005 ಅಂತ. ನಾಲ್ಕನೇ ಸಾಲಲ್ಲಿ ಬೇರೊಂದು ವಿಳಾಸಕ್ಕೆ ಕನೆಕ್ಟ್, ಅಲ್ಲಿಂದ ಉತ್ತರ ಕ್ಷಣದಲ್ಲಿ ಬಂತು. 53 ಅಂದ್ರೆ ಡಿಎನ್ಎಸ್, ಹೆಸರು ಕೊಟ್ಟು ಐಪಿ ವಿಳಾಸ ಕೇಳೋ ಜಾಗ. ಆ ಯಂತ್ರದ ರಿಸಾಲ್ವ್ ಕಾನ್ಫ್ ಫೈಲಲ್ಲಿ ಎರಡು ನೇಮ್‌ಸರ್ವರ್ (ಡಿಎನ್ಎಸ್ ಉತ್ತರ ಕೊಡೋ ಯಂತ್ರ) ಹೆಸರು ಇತ್ತು, ಮೊದಲನೇದನ್ನ ಯಾವತ್ತೋ ಕಿತ್ತು ಹಾಕಿದ್ರು, ಸಾಲು ಹಾಗೇ ಉಳಿದಿತ್ತು. ಲಿನಕ್ಸಲ್ಲಿ ಒಂದು ನೇಮ್‌ಸರ್ವರಿಗೆ ಕಾಯೋ ಡಿಫಾಲ್ಟ್ ಹೊತ್ತು ಸರಿಯಾಗಿ 5 ಸೆಕೆಂಡ್. ಡೇಟಾಬೇಸ್ ಜೊತೆ ಹೊಸ ಕನೆಕ್ಷನ್ ಬೇಕಾದಾಗ ಮಾತ್ರ ಹೆಸರು ಕೇಳ್ತಿತ್ತು, ಅದಕ್ಕೇ ಒಂದೊಂದ್ಸಲ ಬೇಗ ಒಂದೊಂದ್ಸಲ ನಿಧಾನ. ಒಂದು ಸಾಲು ಅಳಿಸಿದ್ವಿ, ಜಗಳ ಮುಗೀತು. ನಿಮ್ಮದೂ ಅದೇ ಅಂತ ನಾನು ಹೇಳ್ತಿಲ್ಲ, ಆದ್ರೆ ಮೊದಲು ಅಲ್ಲೇ ನೋಡಿ.

ಅಲ್ಲಿಲ್ಲ ಅಂದ್ರೆ ಮುಂದಿನ ಅನುಮಾನ ಕ್ವೆರಿ, ಅಂದ್ರೆ ಡೇಟಾಬೇಸಿಗೆ ಕೇಳೋ ಪ್ರಶ್ನೆಗಳ ಎಣಿಕೆ. 200 ಐಟಂ ಪಟ್ಟಿಗೆ ಒಂದು ಕ್ವೆರಿ, ಆಮೇಲೆ ಪ್ರತಿ ಐಟಂ ವಿವರಕ್ಕೆ ಒಂದೊಂದು, ಒಟ್ಟು 201. ನಿಮ್ಮ ಲ್ಯಾಪ್‌ಟಾಪಲ್ಲಿ ಡೇಟಾಬೇಸ್ ಪಕ್ಕದಲ್ಲೇ ಇರತ್ತೆ, ಗೊತ್ತಾಗಲ್ಲ, ಸರ್ವರಲ್ಲಿ ಪ್ರತಿಯೊಂದೂ ನೆಟ್‌ವರ್ಕ್ ದಾಟಿ ಹೋಗಿ ಬರ್ಬೇಕು.

ಒಂದು ಎಚ್ಚರಿಕೆ, ದಯವಿಟ್ಟು ಗಮನಿಸಿ. ಎಸ್‌ಟ್ರೇಸ್ ಪ್ರತಿ ಸಿಸ್ಟಂ ಕಾಲ್ ಶುರುವಿಗೆ ಒಮ್ಮೆ ಮುಗಿಯೋವಾಗ ಒಮ್ಮೆ ಪ್ರೋಗ್ರಾಮನ್ನ ನಿಲ್ಲಿಸತ್ತೆ, ಸಿಸ್ಟಂ ಕಾಲ್ ಜಾಸ್ತಿ ಮಾಡೋ ಪ್ರೋಗ್ರಾಂ ಆದ್ರೆ ನೂರು ಪಟ್ಟಿಗೂ ಹೆಚ್ಚು ನಿಧಾನ ಆಗೋದೂ ಉಂಟು. ಜನ ಬಳಸ್ತಿರೋ ಸರ್ವರ್ ಮೇಲೆ ಸೋಮವಾರ ಬೆಳಗ್ಗೆ ಹಚ್ಚಬೇಡಿ. ಓಡ್ತಿರೋ ಸರ್ವರನ್ನ ನೋಯಿಸದೆ ನೋಡ್ಬೇಕು ಅಂತಲೇ ಸನ್ ಕಂಪನಿಯ ಬ್ರಯಾನ್ ಕ್ಯಾಂಟ್ರಿಲ್, ಮೈಕ್ ಶಪೀರೋ, ಆಡಂ ಲೆವೆಂತಾಲ್ ಡಿಟ್ರೇಸ್ ಕಟ್ಟಿದ್ರು, 2005ರಲ್ಲಿ ಸನ್‌ನ ಆಪರೇಟಿಂಗ್ ಸಿಸ್ಟಂ ಸೊಲಾರಿಸ್ 10 ಜೊತೆ ಬಂತು, ಬಳಸದೇ ಇದ್ದಾಗ ಅದರ ಖರ್ಚು ಸೊನ್ನೆ. ಲಿನಕ್ಸಲ್ಲಿ ಇವತ್ತು ಆ ಕೆಲಸಕ್ಕೆ ಬಿಪಿಎಫ್‌ಟ್ರೇಸ್ ಇದೆ, ಪರ್ಫ್ ಟ್ರೇಸ್ ಅನ್ನೋದೂ ಇದೆ, ಎರಡೂ ಎಸ್‌ಟ್ರೇಸಿಗಿಂತ ಎಷ್ಟೋ ಹಗುರ.

ಪ್ರಶ್ನೆ: ಸೋರ್ಸ್ ಕೋಡ್ ಇಲ್ಲದ ಸಾಫ್ಟ್‌ವೇರ್ ಯಾಕೆ ನಿಧಾನ ಅಂತ ಹೊರಗಿನವರು ಕಂಡುಹಿಡಿಯೋಕೆ ಆಗತ್ತಾ? ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್ ತೆಗೆಯೋಕೇ ಎರಡು ನಿಮಿಷ.
ಓದುಗರು, ದಾವಣಗೆರೆ

ಉತ್ತರ: ಆಗತ್ತೆ, ಮತ್ತೆ ಇದಕ್ಕೆ ನಂಗೆ ತುಂಬಾ ಇಷ್ಟದ ಒಂದು ನಿಜ ಘಟನೆ ಇದೆ. ಜಿಟಿಎ ಆನ್‌ಲೈನ್ ಅನ್ನೋ ಆಟ ಪಿಸಿಯಲ್ಲಿ ಶುರು ಆಗೋಕೆ ನಿಮಿಷಗಟ್ಟಲೆ ಹಿಡೀತಿತ್ತು, ವರ್ಷಗಟ್ಟಲೆ ಜನ ಸಹಿಸ್ಕೊಂಡೇ ಇದ್ರು. 2021ರ ಫೆಬ್ರವರಿಯಲ್ಲಿ ಒಬ್ಬ ಆಟಗಾರ ಇದನ್ನ ಬಿಡಿಸಿಟ್ರು. ಅವರ ಪಿಸಿಯಲ್ಲಿ ಆರು ನಿಮಿಷ. ಟಾಸ್ಕ್ ಮ್ಯಾನೇಜರ್ ನೋಡಿದಾಗ ಆ ಹೊತ್ತಲ್ಲಿ ಡಿಸ್ಕ್ ಸುಮ್ನಿದೆ, ನೆಟ್‌ವರ್ಕ್ ಸುಮ್ನಿದೆ, ಸಿಪಿಯುವಿನ ಒಂದೇ ಒಂದು ಕೋರ್ ಮಾತ್ರ ನಿಮಿಷಗಟ್ಟಲೆ ತುಂಬಿ ಓಡ್ತಿದೆ. ಸೋರ್ಸ್ ಇಲ್ಲ, ಫಂಕ್ಷನ್ ಹೆಸರುಗಳೂ ಇಲ್ಲ, ಬರೀ ವಿಳಾಸಗಳು. ಸ್ಯಾಂಪ್ಲಿಂಗ್ ಪ್ರೊಫೈಲರ್ ಹಚ್ಚಿ ಪದೇ ಪದೇ ಇಣುಕಿದಾಗ ಎರಡೇ ಜಾಗ ಮತ್ತೆ ಮತ್ತೆ ಸಿಕ್ತು.

ಮೊದಲನೇದು, ಆಟದೊಳಗೆ ಕೊಳ್ಳೋ ವಸ್ತುಗಳ ಸುಮಾರು 10 ಎಂಬಿಯ, ಜೇಸನ್ ಅನ್ನೋ ಪಠ್ಯ ರೂಪದ ಪಟ್ಟಿ, ಅದ್ರಲ್ಲಿ 63,000 ವಸ್ತು. ಅದನ್ನ ಓದೋಕೆ ಎಸ್‌ಸ್ಕ್ಯಾನ್‌ಎಫ್ ಅನ್ನೋ ಫಂಕ್ಷನ್ ಬಳಸಿದ್ರು, ಅದು ಒಂದೊಂದು ತುಣುಕು ಓದೋ ಮುಂಚೆಯೂ ಒಳಗಡೆ ಎಸ್‌ಟಿಆರ್‌ಲೆನ್ ಕರೆದು ಉಳಿದಿರೋ ಇಡೀ ಪಠ್ಯದ ಉದ್ದ ಅಳೀತಿತ್ತು. ಒಂದು ಪದ ಓದೋಕೆ ಪುಸ್ತಕದ ಕೊನೇ ಪುಟದ ತನಕ ಮಗುಚಿ ಬಂದ ಹಾಗೆ, ಪ್ರತಿ ಪದಕ್ಕೂ! ಎರಡನೇದು, ಓದಿದ ಪ್ರತಿ ವಸ್ತುವನ್ನ ಸೇರಿಸೋ ಮುಂಚೆ ಮೊದಲೇ ಇದ್ಯಾ ಅಂತ ಇಡೀ ಪಟ್ಟಿ ಹುಡುಕ್ತಿತ್ತು, ಒಟ್ಟು 198 ಕೋಟಿಗೂ ಮೇಲೆ ಹೋಲಿಕೆ, ಅದೂ ಎಲ್ಲ ವಸ್ತುಗಳೂ ಬೇರೆ ಬೇರೆಯೇ ಆಗಿರೋವಾಗ. ಹುಬ್ಬಳ್ಳಿಯವರ ರಸೀದಿ ಕಥೆಯೇ ಅಲ್ವಾ ಇದು, ಸದಸ್ಯರ ಬದಲು ಆಟದ ವಸ್ತು ಅಷ್ಟೇ.

ಎರಡನ್ನೂ ಹೊರಗಿಂದಲೇ ತೇಪೆ ಹಾಕಿ ತೋರಿಸಿದಾಗ ಆರು ನಿಮಿಷ ಇದ್ದದ್ದು 1 ನಿಮಿಷ 50 ಸೆಕೆಂಡಿಗೆ ಇಳೀತು. ಆಟ ಮಾಡಿದ ರಾಕ್‌ಸ್ಟಾರ್ ಕಂಪನಿ ಒಪ್ಕೊಂಡು ಮುಂದಿನ ತಿಂಗಳೇ ಸರಿಪಡಿಸಿದ ಅಪ್‌ಡೇಟ್ ಕೊಡ್ತು, ಅವರಿಗೆ 10,000 ಡಾಲರ್ ಬಹುಮಾನವನ್ನೂ ಕೊಡ್ತು.

ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ವಿಂಡೋಸಲ್ಲಿ ಇದ್ರೆ ಮೈಕ್ರೋಸಾಫ್ಟಿನ ಪ್ರೊಸೆಸ್ ಮಾನಿಟರ್ ಪುಕ್ಕಟೆ ಸಿಗತ್ತೆ, ಅದನ್ನ ಓಡಿಸಿ ಡ್ಯುರೇಷನ್ ಕಾಲಂ ತೋರಿಸೋ ಹಾಗೆ ಮಾಡ್ಕೊಂಡು, ಆಮೇಲೆ ಸಾಫ್ಟ್‌ವೇರ್ ತೆಗೀರಿ. ಅದು ಯಾವ ಫೈಲ್, ಯಾವ ನೆಟ್‌ವರ್ಕ್ ವಿಳಾಸ ಮುಟ್ಟಿತು, ಪ್ರತಿಯೊಂದಕ್ಕೆ ಎಷ್ಟು ಹೊತ್ತು ಅಂತ ಸಾಲು ಸಾಲಾಗಿ ಬರತ್ತೆ. ಎರಡು ನಿಮಿಷದಲ್ಲಿ ದೊಡ್ಡ ಖಾಲಿ ಎಲ್ಲಿ ಬಿತ್ತು, ಅದಕ್ಕೆ ಮುಂಚಿನ ಸಾಲು ಯಾವುದು ಅಂತ ಗುರುತು ಮಾಡ್ಕೊಂಡು, ಪ್ರೊಸೆಸ್ ಮಾನಿಟರ್ ಬರ್ಕೊಂಡಿದ್ದನ್ನ ಫೈಲಾಗಿ ಉಳಿಸಿ, ಸಾಫ್ಟ್‌ವೇರ್ ಕೊಟ್ಟವರಿಗೆ ಕಳಿಸಿ. ನಿಧಾನ ಅಂತ ಫೋನ್ ಮಾಡಿದ್ರೆ ರೀಸ್ಟಾರ್ಟ್ ಮಾಡಿ ಅಂತಾರೆ, ಈ ಸಾಲು ತೋರಿಸಿದ್ರೆ ಕೂತು ನೋಡ್ಲೇಬೇಕಾಗತ್ತೆ.

ಪ್ರಶ್ನೆ: ಫ್ಲೇಮ್ ಗ್ರಾಫ್ ತೆಗೆದೆ, ಕೆಂಪು ಕಿತ್ತಳೆ ಬಣ್ಣದ ಗೋಪುರಗಳು ಬಂದಿವೆ. ಎತ್ತರದ್ದೇ ನಿಧಾನದ್ದಾ? ಎಡದಿಂದ ಬಲಕ್ಕೆ ಓದಬೇಕಾ? ಕೆಲವು ಕಡೆ ‘ಅನ್‌ನೋನ್’ ಅಂತ ಇದೆ.
ಓದುಗರು, ಉಡುಪಿ

ಉತ್ತರ: ಮೂರಕ್ಕೂ ಬೇಗ ಹೇಳ್ತೀನಿ. ಪರ್ಫ್ ತರದ ಟೂಲ್ ಇಣುಕಿ ಬರ್ಕೊಂಡ ಕಾಲ್ ಸರಪಳಿಗಳನ್ನ ಒಂದರ ಮೇಲೊಂದು ಪೆಟ್ಟಿಗೆ ಇಟ್ಟ ಹಾಗೆ ಬಿಡಿಸಿದ ಚಿತ್ರವೇ ಫ್ಲೇಮ್ ಗ್ರಾಫ್. ಎತ್ತರ ಅಂದ್ರೆ ಕಾಲ್ ಸರಪಳಿ ಎಷ್ಟು ಆಳ ಅಂತ, ಅದಕ್ಕೂ ನಿಧಾನಕ್ಕೂ ಸಂಬಂಧ ಇಲ್ಲ. ಅಗಲವೇ ಎಲ್ಲ, ಇಣುಕಿದಾಗ ಎಷ್ಟು ಸಲ ಆ ಫಂಕ್ಷನ್ ಸರಪಳಿಯಲ್ಲಿ ಸಿಕ್ತು ಅನ್ನೋದೇ ಅಗಲ. ಎಡದಿಂದ ಬಲಕ್ಕೆ ಇರೋದು ಕಾಲ ಅಲ್ಲ, ಅಕ್ಷರ ಕ್ರಮ. ಬಣ್ಣಕ್ಕೆ ಮಾಮೂಲಾಗಿ ಅರ್ಥ ಇಲ್ಲ. ಬ್ರೆಂಡನ್ ಗ್ರೆಗ್ ಅನ್ನೋ ಇಂಜಿನಿಯರ್ 2011ರಲ್ಲಿ ಒಂದು ಮೈಎಸ್‌ಕ್ಯೂಎಲ್ ಡೇಟಾಬೇಸ್ ಸಮಸ್ಯೆ ಹಿಂದೆ ಬಿದ್ದಾಗ ಸಾವಿರಾರು ಸರಪಳಿಗಳ ಉದ್ದುದ್ದ ಪಠ್ಯ ಓದೋಕಾಗ್ದೆ ಈ ಚಿತ್ರ ಕಂಡುಹಿಡಿದ್ರು. ನೀವು ಹುಡುಕಬೇಕಾದ್ದು ಮೇಲ್ತುದಿಯಲ್ಲಿ ಚಪ್ಪಟೆಯಾಗಿ ಅಗಲವಾಗಿರೋ ಜಾಗ, ಅಲ್ಲಿ ಸಿಪಿಯು ನಿಜವಾಗಿ ದುಡೀತಿರತ್ತೆ. ಅದು ಸಿಕ್ಕಿದ ಮೇಲೆ ಕೆಳಗಿಳಿದು ಇದನ್ನ ಕರೆದೋರು ಯಾರು, ಅವರನ್ನ ಕರೆದೋರು ಯಾರು ಅಂತ ನೋಡಿ, ಬಹಳ ಸಲ ತಪ್ಪಿರೋದು ಮೂರು ಮಹಡಿ ಕೆಳಗೆ. ಅಗಲ ನೂರಕ್ಕೆ ನಾಲ್ಕು ಇರೋ ಫಂಕ್ಷನ್ನ ವಾರ ಕೂತು ಚಿನ್ನದ ಹಾಗೆ ತಿದ್ದಿದ್ರೂ ಉಳಿಯೋದು ಹೆಚ್ಚಂದ್ರೆ ಆ ನಾಲ್ಕೇ.

‘ಅನ್‌ನೋನ್’ ಬರೋದಕ್ಕೆ ಸಾಮಾನ್ಯ ಕಾರಣ ಎರಡು: ಫಂಕ್ಷನ್ ಹೆಸರುಗಳ ಸಿಂಬಲ್ ಪಟ್ಟಿ ಇಲ್ಲ, ಇಲ್ಲಾಂದ್ರೆ ಫ್ರೇಮ್ ಪಾಯಿಂಟರ್ (ಕರೆದವರು ಯಾರು ಅಂತ ಹಿಂದಕ್ಕೆ ಹುಡುಕೋಕೆ ಬೇಕಾದ ಗುರುತು) ಇಲ್ಲದೆ ಕಂಪೈಲ್ ಮಾಡಿರ್ತಾರೆ, ಆಗ ಕರೆದವರ ಸರಪಳಿ ಮಧ್ಯದಲ್ಲೇ ಹರಿದುಹೋಗತ್ತೆ. ನಿಮ್ಮದೇ ಕೋಡ್ ಆದ್ರೆ ಫ್ರೇಮ್ ಪಾಯಿಂಟರ್ ಉಳಿಸೋ ಆಪ್ಷನ್ ಕೊಟ್ಟು ಮತ್ತೆ ಕಂಪೈಲ್ ಮಾಡಿ. ಲಿನಕ್ಸ್ ಬಳಗದ 2023ರ ಫೆಡೋರಾ 38, ಆಮೇಲೆ ಉಬುಂಟು 24.04 ತಮ್ಮ ಪ್ಯಾಕೇಜುಗಳಲ್ಲಿ ಇದನ್ನ ಡಿಫಾಲ್ಟ್ ಆಗಿ ಉಳಿಸೋಕೆ ಶುರು ಮಾಡಿವೆ, ಸ್ವಲ್ಪ ವೇಗ ಹೋದ್ರೂ ಪರವಾಗಿಲ್ಲ ಅಂತ, ನನ್ನ ಪ್ರಕಾರ ಒಳ್ಳೇ ನಿರ್ಧಾರ. ಪರ್ಫ್ ಓಡಿಸೋವಾಗ ಸೆಕೆಂಡಿಗೆ 100 ಸಲ ಅಂತ ಕೊಡೋ ಬದಲು 99 ಕೊಡಿ. ಪ್ರೋಗ್ರಾಮಿನ ಒಳಗೇ ಸೆಕೆಂಡಿಗೆ 100 ಸಲ ಏಳೋ ಟೈಮರ್ ಇದ್ರೆ ನೀವು ಇಣುಕಿದಾಗೆಲ್ಲ ಅದೊಂದೇ ಕಂಡು ಲೆಕ್ಕ ಪೂರ್ತಿ ದಾರಿ ತಪ್ಪತ್ತೆ.

ಪ್ರಶ್ನೆ: ಟೂಲ್ ಎಲ್ಲ ಬೇಡ, ಶುರುವಿಗೊಂದು ಕೊನೆಗೊಂದು ಪ್ರಿಂಟ್ ಹಾಕಿ ಟೈಮ್ ನೋಡೋದು ತಪ್ಪಾ ಸರ್? ಪ್ರತಿ ಸಲ ಬೇರೆ ಸಂಖ್ಯೆ ಬರತ್ತೆ.
ಓದುಗರು, ತುಮಕೂರು

ಉತ್ತರ: ತಪ್ಪೇನಿಲ್ಲ, ನಾನೂ ಮಾಡ್ತೀನಿ, ಒಂದೆರಡು ಜಾಗ ಅನುಮಾನ ಇದ್ದಾಗ ಅದೇ ಬೇಗ. ಆದ್ರೆ ಪೈಥಾನಲ್ಲಿ ಗೋಡೆ ಗಡಿಯಾರದ ಟೈಮ್ ಬದಲು ಪರ್ಫ್ ಕೌಂಟರ್ ಬಳಸಿ, ಗಡಿಯಾರವನ್ನ ಸಿಸ್ಟಂ ನೆಟ್‌ವರ್ಕಿಂದ ಮಧ್ಯೆ ಸರಿಪಡಿಸಿಕೊಂಡ್ರೆ ಮುಂದೆ ಹಿಂದೆ ಜಿಗಿಯತ್ತೆ, ಕೌಂಟರ್ ಹಿಂದೆ ಹೋಗಲ್ಲ. ಮೊದಲನೇ ಸಲದ ಸಂಖ್ಯೆಯನ್ನ ಬೇರೆ ಇಡಿ, ಆಗ ಫೈಲ್ ಡಿಸ್ಕಿಂದ ಬರತ್ತೆ, ಎರಡನೇ ಸಲಕ್ಕೆ ಮೆಮೊರಿಯಲ್ಲೇ ಇರತ್ತೆ. ಹತ್ತು ಸಲ ಓಡಿಸಿ ಅತಿ ಕಡಿಮೆ ಬಂದಿದ್ದನ್ನ ಹೋಲಿಸಿ. ಲೂಪಿನೊಳಗೆ ಪ್ರಿಂಟ್ ಹಾಕಿದ್ರೆ ಟರ್ಮಿನಲ್ಲಿಗೆ ಬರೆಯೋದೇ ನಿಮ್ಮ ಕೆಲಸಕ್ಕಿಂತ ಜಾಸ್ತಿ ಹೊತ್ತು ತಿನ್ನತ್ತೆ, ಅದಕ್ಕೆ ಸಂಖ್ಯೆಗಳನ್ನ ಲಿಸ್ಟಲ್ಲಿ ಕೂಡಿಟ್ಟು ಲೂಪ್ ಮುಗಿದ ಮೇಲೆ ಒಟ್ಟಿಗೆ ಪ್ರಿಂಟ್ ಮಾಡಿ. ಹೀಗೆ ಮಾಡಿದ್ಮೇಲೂ ಸಂಖ್ಯೆ ಕುಣೀತಾ ಇದ್ರೆ ಕೋಡ್ ಮತ್ತೆ ಆ ಹತ್ತೂ ಸಂಖ್ಯೆ ಬರೆದು ಕಳಿಸಿ.